ಹಿಮ್ಮೇಳದ ಟ್ರ್ಯಾಕು

ಗಜೇಂದ್ರಗಡದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಮದುವೆಯ ಹಳೆಯ ವಿಡಿಯೋ ಕ್ಯಾಸೆಟ್ಟು, ಹಾಡಿನ ಕ್ಯಾಸೆಟ್ಟು ತಂದುಕೊಟ್ಟರೆ ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ. ಬಂದವರು ಕ್ಯಾಸೆಟ್ಟನ್ನು ಮೇಜಿನ ಮೇಲೆ ಇಡುತ್ತಲೇ "ಹತ್ತು ಮಿನಿಟ್ನಾಗ ಆಗ್ತೈತೇನ್ರಿ" ಎಂದು ಕೇಳುತ್ತಾರೆ. ಮೂರು ತಾಸಿನ ಮದುವೆ ಇಳಿಸಲು ಮೂರು ತಾಸೇ ಬೇಕು, ಟೇಪು ತನ್ನ ಪಾಡಿಗೆ ಪೂರ್ತಿ ಓಡಲೇಬೇಕು ಎಂದರೆ ನನ್ನನ್ನು ಸಂಶಯದಿಂದ ನೋಡುತ್ತಾರೆ. ಇಂಥವರ ಜೊತೆ ದಿನವೂ ವಾದಿಸಿ ನನ್ನ ಬಾಯಿ ಹರಿತವಾಗಿದೆ. ಹೀಗಾಗಿ ಆ ದಿನ ತಾಯಿ ಮಗಳು ಇಬ್ಬರು ಬಂದು ನಿಂತಾಗಲೂ ನಾನು ತಲೆ ಎತ್ತದೆ "ಮೂರು ದಿನ ಬಿಟ್ಟು ಬರ್ರಿ" ಎಂದುಬಿಟ್ಟೆ.

ಮಗಳು ಕದಲಲಿಲ್ಲ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಬಿಸಿಲಿಗೆ ಸುಟ್ಟ ಮುಖ. ಪ್ಲಾಸ್ಟಿಕ್ ಚೀಲದಿಂದ ಒಂದು ಹಾಡಿನ ಕ್ಯಾಸೆಟ್ಟು ತೆಗೆದು ನನ್ನ ಮುಂದೆ ಇಟ್ಟಳು. ಡಬ್ಬಿಯ ಮೇಲಿನ ಕಾಗದ ಅರ್ಧ ಹರಿದಿತ್ತು. ಆದರೂ ಗುರುತು ಹತ್ತಿತು. ಅದು ನಾನೇ ರೆಕಾರ್ಡ್ ಮಾಡಿದ ಗೀಗೀ ಪದದ ಕ್ಯಾಸೆಟ್ಟು. ಆಗಿನ್ನೂ ನನ್ನ ತಲೆಯಲ್ಲಿ ಕಪ್ಪು ಕೂದಲು ಇದ್ದವು.

"ಕಾಕಾರ, ಇದು ಓಡಂಗಿಲ್ರಿ. ನಮ್ಮೂರ ಗಿರಣ್ಯಾಗ ಹಾಕಿ ಹಾಕಿ ಸವದು ಹೋಗೇತಿ," ಎಂದಳು. "ಇದರ ಮೂಲ ಟೇಪು ನಿಮ್ಮ ಕಡೆ ಐತಿ ಅಂತ ನಮ್ಮ ಮಾವ ಹೇಳಿದ್ದ. ಪದ ಹಾಡಿದಾವ ಅವನ ರಿ. ಈಗಿಲ್ಲ. ಇಕಿ ನಮ್ಮವ್ವ, ಅವನ ತಂಗಿ. ಹಿಮ್ಮೇಳ ಹಾಡಿದಾಕಿ."

ಆಗ ತಲೆ ಎತ್ತಿ ನೋಡಿದೆ. ತಾಯಿ ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಕೊರಳಿಗೆ ಬಿಳಿಯ ತೆಳು ಬಟ್ಟೆ ಸುತ್ತಿಕೊಂಡಿದ್ದಳು. ಉಸಿರು ಎಳೆದಾಗಲೆಲ್ಲ ಆ ಬಟ್ಟೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ನಾನು ನಮಸ್ಕಾರ ಎಂದಾಗ ಕೈ ಎತ್ತಿದಳು, ತುಟಿ ಅಲುಗಿತು, ದನಿ ಬರಲಿಲ್ಲ.

"ಗಂಟಲದಾಗ ಗಡ್ಡಿ ಆಗಿತ್ರಿ," ಎಂದಳು ಮಗಳು. "ಹುಬ್ಬಳ್ಳಿ ದವಾಖಾನ್ಯಾಗ ಆಪರೇಶನ್ ಮಾಡಿ ದನಿ ಪೆಟಗಿನ ತಗದುಬಿಟ್ರು. ಎರಡು ವರ್ಷ ಆತು, ಮಾತಿಲ್ಲ. ನನ್ನ ಮೊಬೈಲ್ನಾಗ ಇಕಿ ಫೋಟೋ ರಗಡ ಅದಾವ. ದನಿ ಒಂದೂ ಇಲ್ರಿ. ಇದ್ದಾಗ ಯಾರು ಹಿಡದಿಡ್ತಾರ? ದಿನಾ ಬೈತಿದ್ಲು, ಕೇಳಿ ಕೇಳಿ ಸಾಕಾಗಿತ್ತು. ಈಗ ಇಕಿ ದನಿ ಅಂತ ಉಳದಿದ್ದು ನಿಮ್ಮ ಟೇಪಿನಾಗ ಅಷ್ಟ."

ಇವರು ಲಕ್ಕಲಕಟ್ಟಿಯವರು. ಮಗಳು ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವಳು. ಇನ್ನು ಹದಿನೈದು ದಿನಕ್ಕೆ ತಾಯಿಯನ್ನೂ ಕರೆದುಕೊಂಡು ಹೊರಡುವವಳಿದ್ದಳು, ಅಷ್ಟರೊಳಗೆ ಆ ದನಿ ಮೊಬೈಲಿಗೆ ಬರಬೇಕಿತ್ತು. ನಾನು ದೊಡ್ಡ ಮನುಷ್ಯನ ಹಾಗೆ ಎದೆ ಉಬ್ಬಿಸಿ, "ಟೇಪು ಐತಿ, ಮಷೀನೂ ಐತಿ. ಚಿಂತಿ ಬಿಡು ತಂಗಿ. ಬ್ಯಾರೆ ಯಾರ ದನಿಯೂ ಬೆರಕಿಲ್ಲದ ನಿಮ್ಮವ್ವನ ದನಿ ಒಂದ ತಗದು ಕೊಡ್ತೀನಿ," ಎಂದೆ. ಮಗಳ ಕಣ್ಣು ತುಂಬಿ ಬಂದವು. ತಾಯಿ ಮಾತ್ರ ನನ್ನ ಕಡೆ ನೋಡದೆ ರಸ್ತೆಯ ಮೇಲೆ ಹೋಗುವ ಟಂಟಂ ನೋಡುತ್ತ ನಿಂತಿದ್ದಳು. ಸಂಕೋಚದ ಹೆಂಗಸು ಎಂದುಕೊಂಡೆ.

ಅವರು ಹೋದ ಮೇಲೆ ಏಣಿ ಹತ್ತಿ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ತೆರೆದೆ. ಒಳಗೆ ಆ ಟೇಪು ಇತ್ತು. ನೋಡಲು ವಿಡಿಯೋ ಕ್ಯಾಸೆಟ್ಟಿನಂತೆಯೇ ಇರುತ್ತದೆ. ಆದರೆ ಅದರಲ್ಲಿ ಎಂಟು ಬೇರೆ ಬೇರೆ ಟ್ರ್ಯಾಕು, ಅಂದರೆ ಎಂಟು ಸಾಲುಗಳಲ್ಲಿ ಎಂಟು ದನಿಗಳನ್ನು ಒಂದಕ್ಕೊಂದು ಮುಟ್ಟದಂತೆ ಬರೆದಿಡಬಹುದು. ಡಬ್ಬಿಗೆ ಅಂಟಿಸಿದ ಚೀಟಿಯ ಮೇಲೆ ಯಾವ ಸಾಲಿನಲ್ಲಿ ಯಾರಿದ್ದಾರೆ ಎಂದು ನನ್ನದೇ ಕೈಬರಹ. ಐದು ಮತ್ತು ಆರರ ಎದುರು ಹೀಗೆ ಬರೆದಿತ್ತು: ಹಿಮ್ಮೇಳ, ಹೊಸದು.

ಆ 'ಹೊಸದು' ಎರಡು ಸಲ ಓದಿದೆ. ಏಣಿಯ ಮೇಲೆಯೇ ಕೂತೆ.

ಆಗ ನನ್ನ ರೆಕಾರ್ಡಿಂಗ್ ಕೋಣೆ ಇದ್ದದ್ದು ರೋಣದಲ್ಲಿ, ದನಕ್ಕೆ ಹಾಕುವ ಹಿಂಡಿಯ ಗೋದಾಮಿನ ಮೇಲೆ. ಗೋಡೆಗೆಲ್ಲ ಹಳೆ ಸೀರೆಯ ಕೌದಿ ಹೊಡೆದು ಸದ್ದು ಕಟ್ಟಿದ್ದೆ. ಬೇಸಿಗೆಯಲ್ಲಿ ಕೆಳಗಿನಿಂದ ಹಿಂಡಿಯ ವಾಸನೆ ಏರಿ ಬರುತ್ತಿತ್ತು. ಹಾಡುವವರು ಪದದ ನಡುವೆ ಸೀನುತ್ತಿದ್ದರು. ನರಗುಂದದ ಒಬ್ಬ ಹತ್ತಿ ವ್ಯಾಪಾರಿಗೆ ನನ್ನ ಮೇಲೆ ಭಾಳ ವಿಶ್ವಾಸ. ಆತ ಹೊಸದಾಗಿ ಮನೆಯ ಪಡಸಾಲೆಗೆ ಆರು ಸ್ಪೀಕರಿನ ಸೆಟ್ಟು ತಂದಿದ್ದ. ಮುಂದೆ ಮೂರು, ಬೆನ್ನ ಹಿಂದೆ ಎರಡು, ಮೂಲೆಯಲ್ಲಿ ಧಮ್ ಎನ್ನುವ ದೊಡ್ಡ ಡಬ್ಬಿ ಒಂದು. ನಡುವೆ ಕೂತರೆ ಸಿನಿಮಾದ ಸದ್ದು ಸುತ್ತಲಿಂದ ಬರುತ್ತದೆ.

"ಸಿನಿಮಾದಾಗ ಕುದುರಿ ಹಿಂದಿಂದ ಓಡಿ ಬರ್ತಾವ," ಎಂದು ಆತ ಒಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿದ. "ನಮ್ಮ ಗೀಗೀ ಪದ ಯಾಕ ಹಂಗ ಸುತ್ತಲಿಂದ ಬರಬಾರ್ದು? ನೀವು ಮಾಡ್ರಿ, ಮುಂದಿಂದು ನನಗ ಬಿಡ್ರಿ."

ನನಗೆ ಹುಚ್ಚು ಹತ್ತಲು ಇಷ್ಟು ಸಾಕಾಯಿತು. ಎಂಟು ಟ್ರ್ಯಾಕಿನ ಡಿಜಿಟಲ್ ಮಷೀನು ಬಂತು. ಈ ಸುತ್ತಿನ ಮೂರು ತಾಲೂಕಿನಲ್ಲಿ ಅಂಥದ್ದು ನನ್ನದೊಂದೇ ಎಂದು ಯಾರೂ ಕೇಳದಿದ್ದರೂ ಹೇಳುತ್ತ ತಿರುಗಿದೆ. ಪುರ್ತಗೇರಿಯ ಒಬ್ಬ ಪದ ಹಾಡುವವನನ್ನು ಕರೆಸಿದೆ. ಆತ ದಪ್ಪು ಬಾರಿಸುತ್ತ ಪದ ಹಾಡಿದರೆ, ಒಬ್ಬ ತುಂತುಣಿ ಮೀಟುತ್ತಿದ್ದ. ಆತನ ತಂಗಿ, ಲಕ್ಕಲಕಟ್ಟಿಗೆ ಕೊಟ್ಟವಳು, ತಾಳ ಹಿಡಿದು ಹಿಮ್ಮೇಳ ಹಾಡುತ್ತಿದ್ದಳು. ಹೊಲದ ಕೂಲಿ ಬಿಟ್ಟು ಬಂದವಳು. ಸಣ್ಣ ಕೂಸನ್ನು ತನ್ನ ಅವ್ವನ ಹತ್ತಿರ ಪುರ್ತಗೇರಿಯಲ್ಲೇ ಬಿಟ್ಟು ಬಂದಿದ್ದಳು. ಅದೇ ಕೂಸು ಈಗ ನನ್ನ ಅಂಗಡಿಗೆ ಬಂದಿತ್ತು.

ಗೀಗೀ ಪದದಲ್ಲಿ ಹಿಮ್ಮೇಳದವರು ಹಾಡುವವನ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಅವನು ಸಾಲಿನ ಕೊನೆಗೆ ಬಂದು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಇವರು ಆ ಕೊನೆಯ ಮಾತನ್ನು ಹಿಡಿದೆತ್ತಿ ಗೀ ಗೀ ಎಂದು ಎಳೆಯಬೇಕು. ನಡುವೆ ಸಂದು ಬೀಳಬಾರದು. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಣ್ಣವನಿದ್ದಾಗಿನಿಂದ ಕಟ್ಟೆಯ ಮೇಲೆ ಕೂತು ನೋಡಿದ್ದೇನೆ. ಆದರೆ ನನ್ನ ತಲೆಯಲ್ಲಿ ಆರು ಸ್ಪೀಕರು ಕೂತಿದ್ದವು. ಅಣ್ಣನ ದನಿ ಮುಂದಿನಿಂದ, ತಂಗಿಯ ದನಿ ಬೆನ್ನ ಹಿಂದಿನಿಂದ ಬರಬೇಕು. ಹಾಗೆ ಬರಬೇಕಾದರೆ ಒಬ್ಬರ ದನಿ ಒಬ್ಬರ ಮೈಕಿಗೆ ಲೀಕ್ ಆಗಬಾರದು. ಅವಳನ್ನು ಅಣ್ಣನಿಂದ ಹತ್ತು ಹನ್ನೆರಡು ಅಡಿ ಹಿಂದಕ್ಕೆ, ಕೌದಿಯ ಗೋಡೆಗೆ ಆನಿಸಿ ನಿಲ್ಲಿಸಿ, ಬೇರೆ ಎರಡು ಮೈಕು ಕೊಟ್ಟೆ.

ಅವಳು ಅಲ್ಲಿ ನಿಲ್ಲಲಿಲ್ಲ. ಪದ ಸುರುವಾದ ಅರ್ಧ ಮಿನಿಟಿಗೆ ಒಂದು ಹೆಜ್ಜೆ ಮುಂದೆ, ಮತ್ತೊಂದು ಹೆಜ್ಜೆ ಮುಂದೆ. ಪದ ಮುಗಿಯುವಷ್ಟರಲ್ಲಿ ಅಣ್ಣನ ಬೆನ್ನಿಗೆ ಬಂದು ಹತ್ತಿರುತ್ತಿದ್ದಳು. ನಾನು ಹೆಡ್‌ಫೋನು ತೆಗೆದು ಒಗೆದು ಒಳಗೆ ಹೋಗಿ ಕೂಗಾಡುತ್ತಿದ್ದೆ. ಹಿಂದಕ್ಕೆ ಸರಿ, ಹಿಂದಕ್ಕೆ ಸರಿ ಎಂದು ಆ ದಿನ ಎಷ್ಟು ಸಲ ಅಂದೆನೋ ಲೆಕ್ಕವಿಲ್ಲ. ಅವಳೇನೋ ಹೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದು, ಇದನ್ನು ದಾಟಬಾರದು ಎಂದೆ.

ಟೇಪು ತಯಾರಾದ ಮೇಲೆ ವ್ಯಾಪಾರಿಯ ಪಡಸಾಲೆಯಲ್ಲಿ ಹಾಕಿ ತೋರಿಸಿದೆ. ಆತ ಹತ್ತಾರು ಜನ ದೊಡ್ಡವರನ್ನು ಕರೆದಿದ್ದ. ಮುಂದಿನ ಸ್ಪೀಕರಿನಿಂದ ಅಣ್ಣನ ಪದ ಗಂಭೀರವಾಗಿ ಬಂತು. ಬೆನ್ನ ಹಿಂದಿನಿಂದ ತಂಗಿಯ ದನಿ ಎದ್ದಿತು. ಕೂಡಿ ಹಾಡಿದಾಗ ಸರಿಯಾಗಿ ಹೊಂದುತ್ತಿದ್ದ ಆ ದನಿ ಹೀಗೆ ಒಂಟಿಯಾಗಿ ಬಂದಾಗ ಬರೀ ಮೈಯಲ್ಲಿ ನಿಂತ ಹಾಗಿತ್ತು. ಕರ್ಕಶವಾಗಿ, ಒರಟಾಗಿ, ಶ್ರುತಿಗಿಂತ ತುಸು ಮೇಲಕ್ಕೆ. ಬಂದವರಲ್ಲಿ ಒಬ್ಬರು, "ಹಿಂದ ಯಾರೋ ಆಡು ಹೊಡಕೊಂಡು ಬಂದಂಗ ಆತಲ್ರಿ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನಕ್ಕದ್ದು ಖರೆ.

ವ್ಯಾಪಾರಿ ನನ್ನ ಮುಖ ನೋಡಿದ. ಆಗ ನಾನು ಹೇಳಬಹುದಿತ್ತು, ತಪ್ಪು ದನಿಯದಲ್ಲ, ನಿಲ್ಲಿಸಿದ ಜಾಗದ್ದು ಎಂದು. ಹೇಳಲಿಲ್ಲ. "ಬದಲ ಮಾಡೋಣ್ರಿ," ಎಂದೆ. ಹುಬ್ಬಳ್ಳಿಯಿಂದ ಸಂಗೀತ ಕಲಿತ ಒಬ್ಬ ಹೆಣ್ಣುಮಗಳನ್ನು ಕರೆಸಿ, ಅದೇ ಟೇಪಿನ ಐದು ಮತ್ತು ಆರನೆಯ ಸಾಲಿನ ಮೇಲೆ ಹೊಸದಾಗಿ ಹಾಡಿಸಿದೆ. ರೆಕಾರ್ಡಿನ ಕೆಂಪು ದೀಪ ಹತ್ತಿತು, ಹಳೆಯದರ ಮೇಲೆ ಹೊಸದು ಕೂತಿತು. ಹೀಗೆ ಬರೆದರೆ ಕೆಳಗಿನದು ಇಲ್ಲವಾಗುತ್ತದೆ. ಮೊದಲೇ ಒಂದು ಪ್ರತಿ ತೆಗೆದಿಡಬೇಕೆಂದರೆ ಅಂಥದೇ ಇನ್ನೊಂದು ಮಷೀನು ಬೇಕಿತ್ತು. ಕೂಲಿ ಹೆಂಗಸಿನ ಗೀ ಗೀ ಮುಂದೆ ಯಾರು ಕೇಳುತ್ತಾರೆ ಎಂದುಕೊಂಡೆ.

ಆರು ಸ್ಪೀಕರಿನ ಪದ ಆ ಪಡಸಾಲೆ ಬಿಟ್ಟು ಹೊರಗೆ ಬರಲೇ ಇಲ್ಲ. ಅದನ್ನೇ ಎರಡು ಸ್ಪೀಕರಿಗೆ ಇಳಿಸಿ ಮಾಡಿದ ಸಾದಾ ಕ್ಯಾಸೆಟ್ಟು ಮಾತ್ರ ಊರೂರು ತಿರುಗಿತು. ಗಿರಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಚಹಾದಂಗಡಿಯಲ್ಲಿ ಎಲ್ಲೆಲ್ಲೂ ಅದೇ. ದನಿ ಬದಲಿಸಿದ್ದನ್ನು ಅಣ್ಣನಿಗೆ ನಾನು ಹೇಳಿದ್ದೆ. ಆತ ದಪ್ಪಿನ ತೊಗಲಿನ ಮೇಲೆ ಬೆರಳಾಡಿಸುತ್ತ, "ನಿಮಗ ತಿಳೀತೈತ್ರಿ," ಎಂದ. ತಂಗಿಗೆ ಹೇಳುವ ಕೆಲಸವನ್ನು ಅವನ ಮೇಲೆ ಹಾಕಿ ಕೈ ತೊಳೆದುಕೊಂಡೆ.

ಏಣಿಯ ಮೇಲೆ ಕೂತು ಇದೆಲ್ಲ ನೆನಪಾದಾಗ ಮೊದಲು ಮಾಡಬೇಕಾಗಿದ್ದದ್ದು ಒಂದೇ ಕೆಲಸ. ಆ ಮಗಳಿಗೆ ಫೋನು ಮಾಡಿ, ತಂಗಿ, ಈ ಟೇಪಿನಲ್ಲಿ ನಿಮ್ಮವ್ವನ ದನಿ ಇಲ್ಲ, ಅದನ್ನು ಅಳಿಸಿದವನು ನಾನೇ ಎನ್ನುವುದು. ಮಾಡಲಿಲ್ಲ. ಮಷೀನಿನ ದೂಳು ಒರೆಸಿದೆ. ಒಳಗಿನ ರಬ್ಬರಿನ ಗಾಲಿ ಕಲ್ಲಾಗಿತ್ತು, ಬದಲಿಸಿದೆ. ಟೇಪಿನ ಅಂಚಿಗೆ ಬೂಷ್ಟು ಹಿಡಿದಿತ್ತು, ಹತ್ತಿಯಲ್ಲಿ ಒರೆಸಿ ತೆಗೆದೆ. ಮೂರು ದಿನ ಈ ಕೆಲಸದಲ್ಲಿ ಮುಖ ಮುಚ್ಚಿಕೊಂಡೆ. ಮನಸ್ಸಿನಲ್ಲಿ ಮಾತ್ರ ಈ ಟೇಪು ಓಡದಿರಲಿ, ತುಂಡಾಗಲಿ, ಮಷೀನು ಕೈಕೊಡಲಿ ಎಂದು ಬೇಡಿಕೊಳ್ಳುತ್ತಿದ್ದೆ. ಟೇಪು ಹಾಳಾದರೆ ತಪ್ಪು ಕಾಲದ್ದಾಗುತ್ತಿತ್ತು, ನನ್ನದಲ್ಲ.

ನಾಲ್ಕನೆಯ ದಿನ ಮುಂಜಾನೆ ಇಬ್ಬರೂ ಬಂದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದಕ್ಕೊಂದು ಹೊಂದದ ಐದು ಸ್ಪೀಕರು, ಒಂದು ಡಬ್ಬಿ ಜೋಡಿಸಿ ನಡುವೆ ಎರಡು ಖುರ್ಚಿ ಹಾಕಿದ್ದೆ. ಮಷೀನಿನಿಂದ ಕಂಪ್ಯೂಟರಿಗೆ ತಂತಿ ಕೊಟ್ಟು ಟೇಪು ಓಡಿಸಿದೆ. ಇಳಿಸುವಾಗ ಸದ್ದು ಹಾಕುವುದಿಲ್ಲ, ದೀಪ ಅಷ್ಟೇ ನೋಡುತ್ತೇವೆ. ಟೇಪಿನಲ್ಲಿ ಎಲ್ಲಾದರೂ ಬರೆದದ್ದು ಓದಲು ಬರದಿದ್ದರೆ ಮಷೀನಿನ ಮೂಲೆಯಲ್ಲಿ ಒಂದು ಸಣ್ಣ ದೀಪ ಮಿನುಗುತ್ತದೆ. ಆ ದೀಪವನ್ನೇ ನೋಡುತ್ತ ಕೂತೆ. ನಲವತ್ತು ಮಿನಿಟು. ಒಂದು ಸಲವೂ ಮಿನುಗಲಿಲ್ಲ. ನನ್ನ ಕಸುಬಿನಲ್ಲಿ ಅಷ್ಟು ಚೊಕ್ಕಾಗಿ ಓಡಿದ ಹಳೆಯ ಟೇಪು ಇನ್ನೊಂದಿಲ್ಲ. ಎಂಟು ಸಾಲು ಎಂಟು ಫೈಲಾಗಿ ಕಂಪ್ಯೂಟರಿನಲ್ಲಿ ಬಂದು ಕೂತವು.

"ಅವ್ವಂದು ಹಾಕ್ರಿ ಕಾಕಾರ," ಎಂದಳು ಮಗಳು.

ಬೇರೆಲ್ಲ ಬಂದ್ ಮಾಡಿ ಐದು ಮತ್ತು ಆರನ್ನು ಹಾಕಿದೆ. ಕೋಣೆಯ ಹಿಂದಿನ ಎರಡು ಸ್ಪೀಕರಿನಿಂದ ಒಂದು ಹೆಣ್ಣು ದನಿ ಎದ್ದಿತು. ನುಣುಪಾದ, ಕಲಿತ ದನಿ. ಮಗಳು ಸರಕ್ಕನೆ ಹಿಂದಕ್ಕೆ ತಿರುಗಿ ನೋಡಿದಳು. ತಾಯಿ ಪಕ್ಕದ ಖುರ್ಚಿಯಲ್ಲೇ ಕೂತಿದ್ದರೂ ಮಗಳು ಹಿಂದೆ ತಿರುಗಿದ್ದಳು. ಆಮೇಲೆ ಬಾಯಿಗೆ ಸೆರಗು ಹಚ್ಚಿಕೊಂಡು ಅಳತೊಡಗಿದಳು.

"ಯವ್ವಾ, ಎಷ್ಟ ಚಂದ ಹಾಡ್ತಿದ್ದಿ ಬೇ," ಎಂದು ತಾಯಿಯ ಮೊಣಕಾಲು ಹಿಡಿದಳು. "ಇಂಥಾ ದನಿ ಇಟ್ಕೊಂಡು ಯಾಕ ಬಿಟ್ಟಿ? ನಾ ಕೇಳಿದಾಗೆಲ್ಲ ಕ್ಯಾಸೆಟ್ಟಿನಾಗ ಐತಿ, ಅದನ್ನ ಕೇಳು ಅಂತಿದ್ದಿ. ಒಂದು ಸಲನೂ ನನ್ನ ಮುಂದ ಹಾಡಲಿಲ್ಲ."

ಆಗ ನನಗೆ ತಿಳಿಯಿತು. ಕ್ಯಾಸೆಟ್ಟು ಬಂದ ದಿನದಿಂದ ತನ್ನದಲ್ಲದ ದನಿಯನ್ನು ತನ್ನದೆಂದು ಈ ಹೆಂಗಸು ಹೇಳಿಕೊಂಡು ಬಂದಿದ್ದಳು. ಗಿರಣಿಯ ಮುಂದೆ ಹಿಟ್ಟಿಗೆ ನಿಂತವರು ಇವಳೇ ಹಾಡಿದ್ದು ಎಂದಾಗ ಹೌದೆಂದಿದ್ದಳು. ತನ್ನ ದನಿ ತೆಗೆದು ಒಗೆದರು ಎಂದು ಯಾರ ಮುಂದೆ ಹೇಳಿಕೊಳ್ಳಬೇಕು? ಅಂದಿನಿಂದ ಹಾಡುವುದನ್ನೂ ಬಿಟ್ಟಿದ್ದಳು, ಹಾಡಿದರೆ ಸುಳ್ಳು ಹೊರಬೀಳುತ್ತಿತ್ತು. ಮಾತಿನ ದನಿ ಬೇರೆ, ಹಾಡಿನ ದನಿ ಬೇರೆ, ಮಗಳಿಗೆ ಸಂಶಯ ಬಂದಿರಲಿಲ್ಲ.

ನಾನು ಬಾಯಿ ತೆರೆದೆ. ತಾಯಿ ಮಗಳ ತಲೆಯ ಮೇಲಿನಿಂದ ನನ್ನನ್ನು ನೋಡಿದಳು. ಮೊದಲ ಸಲ ನೆಟ್ಟಗೆ ನೋಡಿದ್ದು. ತುಸುವೇ ತಲೆ ಅಲ್ಲಾಡಿಸಿದಳು, ಬೇಡ ಎಂದು. ನಾನು ಬಾಯಿ ಮುಚ್ಚಿ ಆ ಎರಡು ಫೈಲನ್ನು ಮಗಳ ಮೊಬೈಲಿಗೆ ಹಾಕಿಕೊಟ್ಟೆ. ಏನಾದರೂ ತೆಗೆದುಕೊಳ್ರಿ ಎಂದು ಅವಳು ಎಷ್ಟು ಒತ್ತಾಯ ಮಾಡಿದರೂ ಒಲ್ಲೆ ಎಂದೆ. "ದೊಡ್ಡ ಮನಸು ರಿ ನಿಮ್ದು," ಎಂದು ಕಾಲಿಗೆ ಬಿದ್ದು ಹೋದಳು.

ಚಹಾ ತಂದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದಳು. ಸಂಜೆ ಅವಳಿಗೆ ಇದ್ದದ್ದು ಇದ್ದಂತೆ ಹೇಳಿದೆ. ಆ ತಾಯಿಯೇ ಬೇಡ ಎಂದಳು, ನಾನೇನು ಮಾಡಲಿ ಎಂದು ಕೊನೆಗೆ ಸೇರಿಸಿದೆ.

"ಆಕಿ ಬ್ಯಾಡ ಅಂದದ್ದು ನಿಮಗ ಚಲೋನ ಆತು," ಎಂದಳು. "ಅಣ್ಣ ತಂಗಿ ಕೂಡಿ ಹಾಡ್ಯಾರ ಅಂತೀರಿ, ಆಕಿ ಬರೇ ತನ್ನ ಮೈಕಿನಾಗ ಅಷ್ಟ ಹಾಡಿದ್ಲೇನು? ಒಂದ ಖೋಲ್ಯಾಗ ಇದ್ರಲ್ಲ. ದೊಡ್ಡ ಕಿವಿ ಐತಿ ಅಂತ ಊರೆಲ್ಲ ಹೇಳ್ಕೋತ ಅಡ್ಡಾಡ್ತೀರಿ. ನಿಮ್ಮ ಕಿವಿ ನಿಮಗ ಬೇಕಾದ್ದನ್ನ ಅಷ್ಟ ಕೇಳಸ್ಕೊಂತಾವ."

ಸಿಟ್ಟು ಬಂತು. ಕಸುಬು ನನ್ನದು, ಪಾಠ ಇವಳದು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಮರುದಿನ ಅಂಗಡಿಯ ಬಾಗಿಲು ಅರ್ಧ ಎಳೆದು ಎರಡನೆಯ ಫೈಲು ತೆರೆದೆ. ಅದು ಅಣ್ಣನ ಮೈಕಿನದು, ಅದರ ಮೇಲೆ ಹೊಸದೇನೂ ಬರೆದಿರಲಿಲ್ಲ. ಕ್ಯಾಸೆಟ್ಟು ಮಾಡುವಾಗ ಅವನು ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ಆ ಮೈಕಿನ ಸದ್ದನ್ನು ಕೆಳಗಿಳಿಸಿದ್ದೆ. ಯಾಕೆ ಇಳಿಸುತ್ತಿದ್ದೆ ಎಂದು ಮರೆತಿತ್ತು. ಈಗ ಇಳಿಸದೆ ಕೇಳಿದೆ.

ಅಲ್ಲಿ ಅವಳಿದ್ದಳು. ಅಣ್ಣ ಸಾಲು ಮುಗಿಸಿ ಉಸಿರೆಳೆಯುವಷ್ಟರಲ್ಲಿ ಅವನ ಬೆನ್ನ ಹಿಂದಿನಿಂದ ಎದ್ದು, ಅವನು ಮುಂದಿನ ಸಾಲು ಎತ್ತುವಷ್ಟರಲ್ಲಿ ಮುಗಿಸುತ್ತಿದ್ದಳು. ದೂರದ ದನಿ, ಕೌದಿಯ ಗೋಡೆಗೆ ಬಡಿದು ಮೆತ್ತಗಾದ ದನಿ. ಪದ ಮುಂದೆ ಹೋದ ಹಾಗೆ ಹತ್ತಿರ ಹತ್ತಿರ ಬರುತ್ತಿತ್ತು. ಗೆರೆ ದಾಟಿ ಬಂದಿದ್ದಳು. ನಾನು ಹಿಂದಕ್ಕೆ ಸರಿ ಎಂದಾಗ ಅವಳು ಸರಿದು ಅಲ್ಲೇ ನಿಂತಿದ್ದರೆ ಇದೂ ಇರುತ್ತಿರಲಿಲ್ಲ. ಪದ ಹಾಡುವ ರೀತಿಯನ್ನು ಅವಳು ಬಿಟ್ಟುಕೊಡದಿದ್ದಕ್ಕೆ ಇಷ್ಟಾದರೂ ಉಳಿದಿತ್ತು.

ಎರಡನೆಯ ಪದ ಸುರುವಾಗುವ ಮೊದಲು ಟೇಪು ಓಡುತ್ತಿರುವಾಗಲೇ ನಾನು ಒಳಗೆ ಹೋಗಿದ್ದೆ ಎಂದು ಕಾಣುತ್ತದೆ. ನನ್ನದೇ ದನಿ, ಹರೆಯದ್ದು, ಸೊಕ್ಕಿನದು: "ಅಕ್ಕಾರ, ಹಿಂದಕ್ಕ ಸರೀರಿ. ಎಷ್ಟ ಸಲ ಹೇಳ್ಬೇಕು ನಿಮಗ?" ಆಮೇಲೆ ಅವಳು, ಮೆಲ್ಲಗೆ, ಆದರೆ ಒಂದೊಂದು ಅಕ್ಷರವೂ ತಿಳಿಯುವಂತೆ: "ಅಲ್ಲಿ ನಿಂತ್ರ ಅಣ್ಣನ ಉಸರು ಕೇಳಂಗಿಲ್ರಿ."

ಇಷ್ಟು ವರ್ಷ ಕೇಳಿಸಿಕೊಳ್ಳದ ಮಾತು ಅದು. ಹಾಡುವವನ ಉಸಿರು ಕೇಳಿದರೆ ತಾನೆ ಹಿಮ್ಮೇಳದವಳಿಗೆ ಎಲ್ಲಿ ಎತ್ತಬೇಕೆಂದು ಗೊತ್ತಾಗುವುದು? ಅದನ್ನೇ ಅವಳು ಹೇಳಿದ್ದಳು, ಮರ್ಯಾದೆಯಿಂದ, ರಿ ಹಚ್ಚಿ. ನಾನು ಮೇಜಿನ ಮೇಲೆ ತಲೆ ಇಟ್ಟು ಅತ್ತೆ. ಆಚೆ ಒಬ್ಬ ಗಿರಾಕಿ ಬಂದು ಶಟರು ಬಡಿದು ಹೋದ.

ಎರಡು ದಿನ ಕೂತು ಆ ಜಾಗಗಳನ್ನೆಲ್ಲ ಆರಿಸಿದೆ. ದಪ್ಪಿನ ಸದ್ದು ತಗ್ಗಿಸಿ, ಅವಳ ದನಿ ತುಸು ಮೇಲೆತ್ತಿ, ಎಲ್ಲ ಕೂಡಿಸಿ ನಾಲ್ಕು ಮಿನಿಟಿನ ಒಂದು ಫೈಲು ಮಾಡಿದೆ. ನನ್ನ ಸೊಕ್ಕಿನ ಮಾತನ್ನು ತೆಗೆದುಬಿಡಬೇಕೆಂದು ಅದರ ಮೇಲೆ ಗೆರೆಯನ್ನೂ ಎಳೆದಿದ್ದೆ. ಆಮೇಲೆ ಬಿಟ್ಟೆ. ಅದನ್ನು ತೆಗೆದರೆ ಅವಳ ಉತ್ತರಕ್ಕೆ ತಲೆಬುಡ ಇರುತ್ತಿರಲಿಲ್ಲ. ಮಗಳಿಗೆ ಕೊಡುವುದಲ್ಲ, ತಾಯಿ ಒಬ್ಬಳಿಗೇ ಕೇಳಿಸಬೇಕು, ಬೇಕೋ ಬೇಡವೋ ಅವಳೇ ಹೇಳಲಿ ಎಂದು ನಿರ್ಧಾರ ಮಾಡಿಕೊಂಡು ಲಕ್ಕಲಕಟ್ಟಿಗೆ ಹೊರಟೆ.

ಮನೆಯ ಮುಂದಿನ ಕಟ್ಟೆಯ ಮೇಲೆ ತಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬಾಗಿಲ ಹತ್ತಿರ ಮಗಳು ಗೋವಾಕ್ಕೆ ಒಯ್ಯುವ ಗಂಟು ಕಟ್ಟುತ್ತಿದ್ದಳು. ಅವಳ ಮೊಬೈಲು ಹೊಸ್ತಿಲ ಮೇಲೆ ಇತ್ತು, ಅದರಿಂದ ಹುಬ್ಬಳ್ಳಿಯವಳ ದನಿ ಹಾಡುತ್ತಿತ್ತು. ನನ್ನನ್ನು ಕಂಡು ಮಗಳು ಖುಷಿಯಿಂದ ಎದ್ದು ಬಂದಳು.

"ನಿನ್ನೆ ನಮ್ಮ ಮನಿಯವ್ರಿಗೂ ಫೋನಿನಾಗ ಕೇಳಿಸ್ದೆ ರಿ ಕಾಕಾರ. ಓಣ್ಯಾಗ ಎಲ್ಲಾರಿಗೂ ಕಳಿಸೇನಿ," ಎಂದಳು.

"ಚಲೋ ಆತು. ಇನ್ನೊಂದು ಸಣ್ಣದು ಉಳದಿತ್ತು, ಅಕ್ಕಾರಿಗೆ ಕೇಳಿಸಿ ಹೋಗ್ತೀನಿ," ಎಂದೆ. ತಾಯಿಯ ಎದುರು ಬಗ್ಗಿ ನಿಂತು, ಇಯರ್‌ಫೋನಿನ ಎರಡೂ ತುದಿಯನ್ನು ಅವಳ ಕೈಗೆ ಕೊಟ್ಟು ನನ್ನ ಮೊಬೈಲಿನಲ್ಲಿ ಫೈಲು ಹಚ್ಚಿದೆ.

ಮೊರ ತೊಡೆಯ ಮೇಲೆಯೇ ಇತ್ತು. ಕೈ ನಿಂತಿತು. ಕೊರಳ ಬಟ್ಟೆ ಒಳಗೆ ಹೋದದ್ದು ಬಹಳ ಹೊತ್ತು ಹೊರಗೆ ಬರಲಿಲ್ಲ. ಮುಖದ ಮೇಲೆ ಏನೂ ಕಾಣಲಿಲ್ಲ, ನಾನೇ ಹೆದರಿದೆ. ನಾಲ್ಕು ಮಿನಿಟು ಮುಗಿದ ಮೇಲೆ ಅವಳು ಮೊರ ಕೆಳಗಿಟ್ಟು, ಸೀರೆಗೆ ಕೈ ಒರೆಸಿಕೊಂಡು, ಮಗಳನ್ನು ಕೈಸನ್ನೆಯಿಂದ ಕರೆದಳು. ತನ್ನ ಒಂದು ಕಿವಿಯಿಂದ ಇಯರ್‌ಫೋನು ತೆಗೆದು ಮಗಳ ಕಿವಿಗೆ ತಾನೇ ಇಟ್ಟಳು. ನನ್ನ ಕಡೆ ತಿರುಗಿ ಮತ್ತೆ ಹಚ್ಚು ಎಂದು ಬೆರಳು ತಿರುಗಿಸಿದಳು. ಬೇಡ ಎಂದವಳು ಅವಳೇ, ಈಗ ಬೇಕು ಎನ್ನುವವಳೂ ಅವಳೇ. ಹಚ್ಚಿದೆ.

ಮಗಳು ನಗುತ್ತ ಕೇಳತೊಡಗಿದಳು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಾದವು. ಉಸಿರಿನ ಆ ಮಾತು ಬಂದಾಗ ಅವಳ ಕೈ ತಾಯಿಯ ತೋಳನ್ನು ಹಿಡಿಯಿತು.

"ಇದು ನಮ್ಮವ್ವ," ಎಂದಳು. "ಖರೇನ ನಮ್ಮವ್ವ. ಹಿಂಗ ಮಾತಾಡ್ತಿದ್ಲು." ಕೇಳುತ್ತ ಹೋದಳು. ಅದೇ ದನಿ ಮಾತು ಮುಗಿಸಿ ಹಾಡಿಗೆ ಏರಿತು, ಒರಟಾಗಿ, ತುಸು ಮೇಲಕ್ಕೆ. ಹೊಸ್ತಿಲ ಮೇಲಿನ ಮೊಬೈಲು ಇನ್ನೂ ಹಾಡುತ್ತಲೇ ಇತ್ತು. ಮಗಳು ಒಮ್ಮೆ ಅದರ ಕಡೆ ನೋಡಿದಳು, ಒಮ್ಮೆ ತಾಯಿಯ ಕಡೆ. "ಹಂಗಾರ ಅಕಿ ಯಾರು?" ಎಂದಳು.

ತಾಯಿಯನ್ನು ಕೇಳಿದ್ದು. ತಾಯಿ ನನ್ನ ಕಡೆ ನೋಡಿದಳು. ಅಲ್ಲಿ ಉತ್ತರ ಹೇಳಲು ಬರುವ ಗಂಟಲು ನನ್ನದೊಂದೇ ಇತ್ತು.

ಹೇಳಿದೆ. ನರಗುಂದದ ಪಡಸಾಲೆ, ಆಡು ಹೊಡಕೊಂಡು ಬಂದಂಗ ಎಂದು ನಕ್ಕದ್ದು, ಹುಬ್ಬಳ್ಳಿಯವಳು, ಕೆಂಪು ದೀಪ. "ನಿಮ್ಮವ್ವನ ದನಿ ಅಳಿಸಿದಾವ ನಾನ ತಂಗಿ. ಡಾಕ್ಟರಿಗಿಂತ ಮೊದಲ ನಾನ ತಗದೆ," ಎಂದೆ. ಮಗಳು ಬೈಯಲಿಲ್ಲ. ಬೈದಿ‌ದ್ದರೆ ಹಗುರಾಗುತ್ತಿತ್ತು. ಎದ್ದು ಹೋಗಿ ಹೊಸ್ತಿಲ ಮೇಲಿನ ಮೊಬೈಲನ್ನು ಬಂದ್ ಮಾಡಿ ಬಂದು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನಿನಗ ಗೊತ್ತಿತ್ತಲ್ಲ ಬೇ," ಎಂದಳು. "ಮಂದಿಗೆ ಹೇಳಿದ್ದು ಹೋಗ್ಲಿ. ನನ್ನ ಮುಂದ ಒಂದು ಸಲ ಹಾಡಬೇಕಿಲ್ಲ? ನಾ ಏನ್ ನಗ್ತಿದ್ನೇನು?"

ತಾಯಿ ಮಗಳ ತಲೆಯ ಮೇಲೆ ಕೈ ಇಟ್ಟಳು, ಕೂದಲನ್ನು ಹಿಂದಕ್ಕೆ ತೀಡಿದಳು. ದನಿ ಇದ್ದಾಗ ಅವಳು ಹಾಡದಂತೆ ಮಾಡಿದವನು ನಾನು. ಏನಾದರೂ ಹೇಳಬೇಕೆಂದು ಅವರಿಬ್ಬರ ನಡುವೆ ಬಗ್ಗಿ, "ಅಕ್ಕಾರ, ನನ್ನದು ತಪ್ಪಾತು," ಎಂದೆ.

ಅವಳು ತಲೆ ಎತ್ತಿದಳು. ಅಂಗೈಯ ಹಿಂಭಾಗದಿಂದ ಗಾಳಿಯನ್ನು ನನ್ನ ಕಡೆಗೆ ನೂಕಿದಳು, ಎರಡು ಸಲ. ಹಿಂದಕ್ಕೆ ಸರಿ. ನಾನು ಬೆಳಕಿಗೆ ಅಡ್ಡ ನಿಂತಿದ್ದೆನೋ ಏನೋ, ಅಥವಾ ಇಯರ್‌ಫೋನಿನ ತಂತಿ ನನ್ನ ಕಾಲಿಗೆ ಸಿಕ್ಕಿತ್ತೋ, ಗೊತ್ತಿಲ್ಲ. ಒಂದು ಹೆಜ್ಜೆ ಸರಿದೆ. ಅವಳು ಮತ್ತೆ ಕೈ ಮಾಡಿದಳು. ಕಟ್ಟೆ ಇಳಿದು ಎದುರಿನ ಗೋಡೆಗೆ ಬೆನ್ನು ಹತ್ತುವ ತನಕ ಸರಿದೆ. ಆಮೇಲೆ ಅವಳು ಕಟ್ಟೆಯ ಮೇಲಿದ್ದ ನನ್ನ ಮೊಬೈಲನ್ನು ಮಗಳ ಕೈಗೆ ಕೊಟ್ಟಳು, ಮಗಳು ಮೊದಲಿನಿಂದ ಹಚ್ಚಿದಳು. ನಾನು ನಿಂತ ಜಾಗಕ್ಕೆ ಏನೂ ಕೇಳುತ್ತಿರಲಿಲ್ಲ.